ಮದುವೆಯಾಗದ ಮರಗಳು

ಮಗಳ ಕೂಸನ್ನು ನಿನ್ನೆ ಮೊದಲ ಸಲ ಅರಳಿಕಟ್ಟೆಗೆ ಎತ್ತಿಕೊಂಡು ಹೋಗಿದ್ದೆ. ಎಲೆ ಅಲ್ಲಾಡಿದರೆ ಸಾಕು, ಕೇಕೆ ಹಾಕಿ ನಗುತ್ತದೆ ನನ್ನ ಬಂಗಾರ. ನನಗೆ ಸಂತೋಷ ತಡೆಯಲಾಗದೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಅಷ್ಟರಲ್ಲಿ ಪಕ್ಕದ ಸಿಮೆಂಟಿನ ಜಿಂಕೆ ಕಣ್ಣಿಗೆ ಬಿತ್ತು. ಬಾಯೆಲ್ಲ ಕಹಿಯಾಯಿತು. ಥೂ, ಅದನ್ನು ಇವತ್ತಿಗೂ ಯಾರೂ ಒಡೆದು ಹಾಕಿಲ್ಲವಲ್ಲ!

ಎಂಬತ್ತನೇ ಇಸವಿಯ ಸುಮಾರಿನ ಮಾತು. ಪೀಣ್ಯದ ಕಾರ್ಖಾನೆ ಶೆಡ್ಡುಗಳು ಒಂದರ ಹಿಂದೊಂದು ಎದ್ದು ನಮ್ಮ ಊರ ಬೇಲಿಗೇ ಬಂದು ಒರಗಿದ್ದವು. ನಮ್ಮ ಹಿತ್ತಿಲ ಹಿಂದಿನ ಶೆಡ್ಡಿನಲ್ಲಿ ಕಬ್ಬಿಣಕ್ಕೆ ಬಣ್ಣದ ಲೇಪ ಹಾಕುತ್ತಿದ್ದರು. ಹಳದಿ ನೀರು ಚರಂಡಿಗೆ ಬರುತ್ತಿತ್ತು, ಘಾಟು ಅಡುಗೆಮನೆಗೆ ಬರುತ್ತಿತ್ತು. ಹಾಲು ಕುಡಿಯುತ್ತಿದ್ದ ನನ್ನ ಮಗಳು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದಳು. ಅವಳು ನೆಮ್ಮದಿಯಾಗಿ ಉಸಿರಾಡುತ್ತಿದ್ದುದು ಊರ ಮುಂದಿನ ಗುಂಡುತೋಪಿನಲ್ಲಿ ಮಾತ್ರ. ಹೊಂಗೆಯ ಕೊಂಬೆಗೆ ಹಳೇ ಸೀರೆಯ ಜೋಲಿ ಕಟ್ಟಿ ಮಲಗಿಸಿದರೆ ಸಂಜೆಯವರೆಗೂ ಕೆಮ್ಮಿಲ್ಲ.

ಆ ತೋಪಿನ ಮೇಲೆ ಪಂಚಾಯ್ತಿ ಚೇರ್ಮನ್ನರ ಕಣ್ಣು ಬಿತ್ತು. ಪಾರ್ಕು ಮಾಡುತ್ತಾರಂತೆ.

"ಊರು ಅಸಿರಾಗ್ಬೇಕು ದೊಡ್ಡವ್ವ," ಎಂದರು ನಮ್ಮ ಅತ್ತೆಗೆ. "ಈ ಕಾಡುಮರ ಎಲ್ಲ ತೆಗ್ಸಿ ಉಲ್ಲು ಆಕ್ಸಿ, ಕ್ರೋಟನ್ ಗಿಡ, ಸಿಮೆಂಟ್ ಬೆಂಚು, ಒಂದು ಜಿಂಕೆ. ಸಾಹೇಬ್ರು ಬಂದು ಭೇಷ್ ಅನ್ಬೇಕು."

"ತಲೆ ಬೋಳಿಸ್ಬಿಟ್ಟು ಕೂದ್ಲಿಗೆ ಎಣ್ಣೆ ಅಚ್ತೀನಿ ಅಂದಂಗಾಯ್ತು ಕಣಪ್ಪ," ಎಂದರು ಅತ್ತೆ.

ಕಡಿದ ಮರ ಹೋಗುವುದು ಚೇರ್ಮನ್ನರ ಬಾಮೈದನ ಇಟ್ಟಿಗೆ ಗೂಡಿಗೆ ಎಂದು ಊರಿಗೆಲ್ಲ ಗೊತ್ತಿತ್ತು. ಕೇಳುವವರು ಯಾರು?

ಅತ್ತೆಯೇ ಒಂದು ದಾರಿ ಹುಡುಕಿದರು. ತೋಪಿನ ಮೂಲೆಯಲ್ಲಿ ಒಂದು ಅರಳಿ, ಒಂದು ಬೇವು ತಬ್ಬಿಕೊಂಡಂತೆ ಬೆಳೆದಿದ್ದವು. ನಮ್ಮ ಕಡೆ ಅರಳಿಗೂ ಬೇವಿಗೂ ಮದುವೆ ಮಾಡುತ್ತಾರೆ. ತಾಳಿ ಬಿದ್ದ ಮರಕ್ಕೆ ಆಮೇಲೆ ಯಾರೂ ಕೊಡಲಿ ಹಾಕುವುದಿಲ್ಲ. ಅತ್ತೆ ಅರಿಶಿನ ಕುಂಕುಮ ಹಿಡಿದು ನೇರ ಚೇರ್ಮನ್ನರ ಮನೆಗೇ ಹೋದರು.

"ನಿಂಗೆ ಉಟ್ಟಿದ್ದೆಲ್ಲ ಗಂಡೇ. ಕನ್ಯಾದಾನದ ಪುಣ್ಯ ಎಲ್ಲಿಂದ ಬಂದಾತು ಮಗಾ? ಬೇವನ್ನೇ ಮಗಳು ಅನ್ಕೊಂಡು ಧಾರೆ ಎರ್ದುಬಿಡು."

ಅವರು ಏನಾದರೂ ಹೇಳುವ ಮೊದಲೇ ಅವರ ಹೆಂಡತಿ ಬಾಗಿಲಿಗೆ ಬಂದು, "ಊಂ ಅನ್ರೀ," ಎಂದು ಕಣ್ಣೊರೆಸಿಕೊಂಡರು. ಆಕೆಗೆ ಹೆಣ್ಣುಮಗುವಿನ ಆಸೆ ಬಹಳ ಇತ್ತು.

ವಾಲಗ ಊದಿಸಿ ಮದುವೆ ಮಾಡಿದೆವು. ಚೇರ್ಮನ್ನರು ರೇಷ್ಮೆ ಪಂಚೆ ಉಟ್ಟು ಧಾರೆ ಎರೆದರು. ನಾವು ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕೆವು. ತೋಪು ಉಳಿಯಿತಲ್ಲ!

ಮುಂದಿನ ವಾರ ಜೋಲಿ ಹಿಡಿದು ಹೋದರೆ ಹೊಂಗೆ ನೆಲದ ಮೇಲೆ ಮಲಗಿತ್ತು. ಹುಣಸೆ, ಮಾವು ಎಲ್ಲ ಉರುಳಿದ್ದವು. ಚೇರ್ಮನ್ನರು ನೆರಳಿಲ್ಲವೆಂದು ಕೊಡೆ ಹಿಡಿದು ನಿಂತಿದ್ದರು.

"ಏನ್ ಮಾಡ್ಬಿಟ್ಯೋ ಪಾಪಿ!" ಎಂದು ಕಿರುಚಿದರು ಅತ್ತೆ.

"ಮಗಳು ಅಳಿಯನ್ನ ನಾನು ಮುಟ್ಟಿದ್ರೆ ಕೇಳು ದೊಡ್ಡವ್ವ. ಇವಕ್ಕೇನು ಮದ್ವೆ ಆಗಿತ್ತಾ?"

ಮರ ಕಡಿಯುವವರು ಕಿಸಿಕಿಸಿ ನಕ್ಕರು. ಆ ನಗು ನೆನೆದರೆ ಈಗಲೂ ಉಗಿಯಬೇಕೆನಿಸುತ್ತದೆ. ಎರಡೇ ಮರಕ್ಕೆ ತಾಳಿ ಕಟ್ಟಿ ಇಡೀ ತೋಪು ಉಳಿಯಿತೆಂದು ಹೋಳಿಗೆ ತಿಂದವರು ನಾವು.

ಹುಲ್ಲು ಹಾಸಿದರು. ಸುತ್ತ ತಂತಿಬೇಲಿ, ಗೇಟು, ಗೇಟಿಗೆ ಬೀಗ. ಸಾಹೇಬರು ಬಂದರು, ಹಾರ ಹಾಕಿಸಿಕೊಂಡರು, ಇಂಥ ಹಸಿರು ಮನಸ್ಸಿನ ಮುಂದಾಳು ಎಲ್ಲ ಊರಿಗೂ ಬೇಕು ಎಂದು ಭಾಷಣ ಮಾಡಿ ಎಳನೀರು ಕುಡಿದು ಹೋದರು. ನಾನು ತಂತಿಯ ಆಚೆ ಬಿಸಿಲಲ್ಲಿ ನಿಂತಿದ್ದೆ, ಕಂಕುಳಲ್ಲಿ ಮಗಳು ಕೆಮ್ಮುತ್ತಿದ್ದಳು. ಎದುರಿಗೆ ಜಿಂಕೆ ಹಲ್ಲು ಕಿರಿದು ನಿಂತಿತ್ತು. ಜಿಂಕೆಗೆ ಯಾರು ಹಲ್ಲು ಮಾಡುತ್ತಾರೆ? ಅದಕ್ಕೂ ಇತ್ತು.

ಮಗಳಿಗೆ ಉಸಿರು ಸಿಗುವ ಜಾಗ ಬೇಲಿಯ ಒಳಗೆ ಉಳಿದಿತ್ತು, ಅರಳಿ ಬೇವಿನ ಕೆಳಗೆ. ನಾನು ಈ ಸಲ ಅತ್ತೆಯನ್ನು ಕಾಯಲಿಲ್ಲ. ಕೂಸನ್ನು ಎತ್ತಿಕೊಂಡು ಚೇರ್ಮನ್ನರ ಹೆಂಡತಿಯ ಬಳಿಗೆ ಹೋದೆ.

"ಅಕ್ಕ, ನಿಮ್ಮ ಮಗಳ ಮನೆಗೆ ಬೀಗ ಆಕವ್ರೆ."

ಆಕೆ ಕೂಸಿನ ಕೆಮ್ಮು ಕೇಳಿಸಿಕೊಂಡರು. ಎದ್ದು ಹೋಗಿ, ಊಟಕ್ಕೆ ಕುಳಿತಿದ್ದ ಗಂಡನ ಮುಂದೆ ಕೈ ಚಾಚಿದರು.

"ಬೀಗದ ಕೈ ಕೊಡಿ."

"ಪಾರ್ಕು ಕಣೆ ಅದು. ದನ ನುಗ್ತವೆ."

"ಧಾರೆ ಎರ್ದು ಕೊಟ್ಟ ಮಗಳ ಮನೆಗೆ ಬೀಗ ಜಡ್ದೋನ ಮನೇಲಿ ನಾನು ಬಡ್ಸಲ್ಲ."

ಗೇಟಿಗೆ ಮತ್ತೆ ಬೀಗ ಬೀಳಲಿಲ್ಲ. ಆಕೆಯೇ ತನ್ನದೊಂದು ಸೀರೆ ತಂದು ಎರಡು ಮರಗಳ ನಡುವೆ ಜೋಲಿ ಕಟ್ಟಿಕೊಟ್ಟರು.

ಹುಲ್ಲು ಒಂದು ಬೇಸಿಗೆಯನ್ನೂ ದಾಟಲಿಲ್ಲ. ಕ್ರೋಟನ್ನು ಒಣಗಿತು, ಬೆಂಚು ಮುರಿಯಿತು. ನಿನ್ನೆ ಅದೇ ಎರಡು ಮರಗಳ ನಡುವೆ ನನ್ನ ಸೀರೆಯ ಜೋಲಿಯಲ್ಲಿ ಮೊಮ್ಮಗಳನ್ನು ತೂಗಿದೆ. ಬೊಗಸೆಯಷ್ಟು ಮುಖ ಮಾತ್ರ ಹೊರಗಿಟ್ಟುಕೊಂಡು ಸದ್ದಿಲ್ಲದೆ ಉಸಿರಾಡುತ್ತ ಮಲಗಿತ್ತು ಕೂಸು. ನಾನು ಜೋಲಿಯನ್ನು ಜಿಂಕೆಗೆ ಬೆನ್ನಾಗುವಂತೆ ತಿರುಗಿಸಿ ಕಟ್ಟಿದ್ದೆ.