ಗೊಲ್ಲಾಳಪ್ಪನವರ ಕಿವಿ ಮತ್ತು ಒಂದು ಬೀಸುವ ಪದ

ಬೆಳಗಿನ ಆರಕ್ಕೆ ಹೈದರಾಬಾದಿನ ಕುಷಾಯಿಗೂಡದ ರಸ್ತೆಗೆ ಇನ್ನೂ ಬಾಯಿ ಬಂದಿರುವುದಿಲ್ಲ. ಬಸ್ಸು, ಆಟೋಗಳ ಗದ್ದಲ ಏಳುವ ಮೊದಲೇ ಗೊಲ್ಲಾಳಪ್ಪ ತಮ್ಮ ಸ್ಪೀಕರ್ ಅಂಗಡಿಯ ಶಟರ್ ಅರ್ಧ ಎತ್ತಿ ಒಳಗೆ ನುಸುಳುತ್ತಾರೆ. ನಿನ್ನೆ ಹೊಸ ಕಾಗದ ಅಂಟಿಸಿಟ್ಟ ಸ್ಪೀಕರಿಗೆ ವೈರು ಸಿಕ್ಕಿಸಿ, ಹಳೆಯ ಕ್ಯಾಸೆಟ್ ಒಂದನ್ನು ಹಾಕುತ್ತಾರೆ. ಅದರೊಳಗೆ ಬೀಸುಕಲ್ಲು ಗರಗರ ತಿರುಗುತ್ತದೆ, ಅದರ ಮೇಲೆ ಒಂದು ಹೆಣ್ಣುದನಿ ಏಳುತ್ತದೆ. ಅದು ಅವರ ತಾಯಿ ಗದಿಗೆಮ್ಮನ ಬೀಸುವ ಪದ. ಈ ಅಂಗಡಿಯಿಂದ ಹೊರಬೀಳುವ ಯಾವ ಸ್ಪೀಕರಾದರೂ ಮೊದಲು ಆಕೆಯ ಪದ ಹಾಡಿಯೇ ಹೋಗಬೇಕು.

"ಅವ್ವ ತೀರಿಕೊಂಡು ಭಾಳ ದಿನ ಆತ್ರಿ. ಒಮ್ಮೆ ಊರಿಗೆ ಟೇಪ್ ಒಯ್ದಾಗ ರೆಕಾರ್ಡ್ ಮಾಡಿಕೊಂಡಿದ್ದೆ. ಪೂಜಿ ಬ್ಯಾರೆ ಮಾಡೂದಿಲ್ಲ ನಾ, ಇದ ಪೂಜಿ," ಎನ್ನುತ್ತಾರೆ.

ಸುರಪುರದ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಹೈದರಾಬಾದಿಗೆ ಬಂದವರು. ಕಟ್ಟಡದ ಮೇಲಿಂದ ಬಿದ್ದು ಸೊಂಟ ಕೈಕೊಟ್ಟಿತು. ಕೋಠಿಯ ವೈಜನಾಥ ಮೇಸ್ತ್ರಿ ಕೂತು ಮಾಡುವ ಈ ವಿದ್ಯೆ ಕಲಿಸಿದರು. ಅಂಟು ಮೆತ್ತಿ ಮೆತ್ತಿ ಬೆರಳ ತುದಿಯ ಚರ್ಮವೆಲ್ಲ ಸುಲಿದಿದೆ. ದಿನಕ್ಕೆ ಆರೇಳು ಸ್ಪೀಕರು ರಿಪೇರಿಯಾದರೆ ಅದೇ ಹಬ್ಬ. ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಎದ್ದ ಮೇಲೆ ಇನ್ನೊಂದು ಕೆಲಸವೂ ಕೂಡಿಕೊಂಡಿದೆ. ಮೊದಲ ಸಂಬಳ ಎಣಿಸಿದ ಹುಡುಗ ಹುಡುಗಿಯರು ಮನೆಗೆ ಸ್ಪೀಕರ್ ಆರಿಸಿಕೊಡಿ ಎಂದು ಬರುತ್ತಾರೆ. ಗೊಲ್ಲಾಳಪ್ಪ ಹೂಂ ಅಂದರೆ ಕಾಲೊನಿಗೆಲ್ಲ ಸೈ.

ಅವರ ಅಳತೆ ಒಂದೇ. ಅವ್ವನ ಬೀಸುಕಲ್ಲಿನ ಸದ್ದು ಎದೆಗೆ ಗುದ್ದಬೇಕು. ಗುದ್ದಿದರೆ ಒಳ್ಳೆಯ ಸ್ಪೀಕರು, ಇಲ್ಲದಿದ್ದರೆ ಡಬ್ಬಿ. ಹೆತ್ತವರಿಗೆ ಹೆಗ್ಗಣ ಮುದ್ದು, ಗೊಲ್ಲಾಳಪ್ಪನವರಿಗೆ ಗುಡುಗು ಮುದ್ದು.

ಹೀಗೆ ಬಂದವಳು ತೇಜಸ್ವಿನಿ. ಹತ್ತಿರದ ಸರ್ಕಾರಿ ಕಾರ್ಖಾನೆಯ ನೌಕರ ಸೋಮಣ್ಣನವರ ಮಗಳು, ಈಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಹೆವಿ ಮೆಟಲ್ ಎಂಬ ಅಬ್ಬರದ ಇಂಗ್ಲಿಷ್ ಸಂಗೀತ ಕೇಳುವ ಹುಡುಗಿ. ಗೊಲ್ಲಾಳಪ್ಪ ಎದೆಗುದ್ದುವ ದೊಡ್ಡ ಜೋಡಿಯನ್ನೇ ಆರಿಸಿಕೊಟ್ಟರು. ವಾರದೊಳಗೆ ಅವಳು ತನ್ನ ಸಿ.ಡಿ. ಹಿಡಿದು ತಂದೆಯೊಂದಿಗೆ ವಾಪಸು ಬಂದಳು. "ಡ್ರಮ್ಮು ಎರಡೂ ಕಾಲಿಲೆ ಬಾರಿಸ್ತಾರ್ರಿ ಅಂಕಲ್. ಒಂದೊಂದು ಪೆಟ್ಟೂ ಬ್ಯಾರೆ ಕೇಳಬೇಕು. ನೀವು ಕೊಟ್ಟ ಸ್ಪೀಕರಿನಾಗ ಎಲ್ಲಾ ಕೂಡಿ ಅಂಬಲಿ ಆಗೈತಿ," ಎಂದಳು.

ಅಂಗಡಿಯ ಮುಂದೆ ನಾಲ್ಕು ಜನ ಚಹಾ ಕುಡಿಯುತ್ತಿದ್ದರು. ಗೊಲ್ಲಾಳಪ್ಪನವರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಸ್ಪೀಕರ್ ಚಲೋನ ಐತವ್ವ. ನಿನ್ನ ಹಾಡ ಹಂಗೈತಿ, ನಾಯಿ ಒದರಿದಂಗ. ಸೋಮಣ್ಣಾರ, ಮಗಳು ಎಂಥಾದ್ದು ಕೇಳಾಕತ್ತಾಳ ನೋಡ್ರಿ," ಎಂದುಬಿಟ್ಟರು. ಚಹಾದವರು ನಕ್ಕರು. ಸೋಮಣ್ಣ ತಲೆ ತಗ್ಗಿಸಿದರು. ಹುಡುಗಿ ಸಿ.ಡಿ.ಯನ್ನು ಅಲ್ಲೇ ಮರೆತು ಹೋದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ಆ ದಿನ ಕುಣಿಯಲಾರದವರು ತಾವೇ ಎಂಬುದು ಗೊಲ್ಲಾಳಪ್ಪನವರಿಗೆ ಹೊಳೆಯಲಿಲ್ಲ.

ಹೊಳೆದದ್ದು ತಿಂಗಳ ಮೇಲೆ. ಯಾರದೋ ಸಣ್ಣ ಸ್ಪೀಕರುಗಳು ರಿಪೇರಿಗೆ ಬಂದಿದ್ದವು. ಪದ್ಧತಿಯಂತೆ ಬೆಳಿಗ್ಗೆ ಅವ್ವನ ಪದ ಹಾಕಿದರು. ಕಲ್ಲು ಗುದ್ದಲಿಲ್ಲ. ಡಬ್ಬಿ ಎಂದು ಬಂದ್ ಮಾಡಲು ಕೈ ಚಾಚಿದರು. ಅಷ್ಟರಲ್ಲಿ ಬಳೆ ಕೇಳಿತು. ಸುತ್ತು ಸುತ್ತಿಗೂ ಬಳೆ ಗೂಟಕ್ಕೆ ತಾಗುವ ಸದ್ದು. ಎರಡು ನುಡಿಗಳ ನಡುವೆ, ಉಸಿರು ಎಳೆದುಕೊಂಡು, ಮೆಲ್ಲಗೆ ಅವ್ವ ಅಂದಳು: "ಗೊಲ್ಲಾಳ, ಹಿಟ್ಟು ಸರಸೋ."

"ಅಕಿ ನನ್ನ ಹೆಸರು ಹಿಡಿದು ಕರದಿದ್ಳು ಅಂತ ನನಗ ಗೊತ್ತ ಇರಲಿಲ್ರಿ. ಇಷ್ಟು ವರ್ಷ ದಿನಾ ಕರದಾಳ. ನಾ ಗುಡುಗಿನಾಗ ಮುಚ್ಚಿಟ್ಟಿದ್ದೆ."

ಕಣ್ಣೊರೆಸಿಕೊಂಡು ಅವರು ಅದೇ ಸಣ್ಣ ಸ್ಪೀಕರುಗಳಲ್ಲಿ ಹುಡುಗಿಯ ಸಿ.ಡಿ. ಹಾಕಿದರು. ಡ್ರಮ್ಮಿನ ಪೆಟ್ಟುಗಳು ಒಂದೊಂದಾಗಿ, ಬಿಡಿಬಿಡಿಯಾಗಿ ಬಂದವು. ಹಾಡು ಇಂದಿಗೂ ಅವರಿಗೆ ಹಿಡಿಸಿಲ್ಲ. ಆದರೆ ಹುಡುಗಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಂದು ಶಟರ್ ಪೂರ್ತಿ ಎತ್ತಲು ಮುಖವಿರಲಿಲ್ಲ ಎನ್ನುತ್ತಾರೆ.

ಅಂಥದೇ ಸಣ್ಣ ಜೋಡಿಯೊಂದನ್ನು ಹುಡುಕಿ ತಂದು, ಹೊತ್ತುಕೊಂಡು ಸೋಮಣ್ಣನವರ ಮನೆಗೆ ಹೋದರು. ದೊಡ್ಡ ಸ್ಪೀಕರುಗಳ ಮೇಲೆ ಕಸೂತಿ ಬಟ್ಟೆ ಹೊದಿಸಿ, ತೇಜಸ್ವಿನಿಯ ತಾಯಿ ವಿಶಾಲಾಕ್ಷಿ ಹೂದಾನಿ ಇಟ್ಟಿದ್ದರು. ಅಪ್ಪನ ಎದುರಿಗೇ ಗೊಲ್ಲಾಳಪ್ಪ, "ತಪ್ಪು ಹಾಡಿಂದಲ್ಲವ್ವ, ನಂದು," ಎಂದರು. ಹುಡುಗಿ ಮುನಿಯಲಿಲ್ಲ. "ಇರ್ಲಿ ಬಿಡ್ರಿ ಅಂಕಲ್. ಈಗ ಹೆಡ್‌ಫೋನಿನಾಗ ಕೇಳಾಕತ್ತೀನಿ, ಮನ್ಯಾಗ ಯಾರಿಗೂ ತ್ರಾಸಿಲ್ಲ," ಎಂದಳು. ಅವಳು ಜಗಳಾಡಿದ್ದರೆ ಗೊಲ್ಲಾಳಪ್ಪನವರ ಮನಸ್ಸು ಹಗುರಾಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತಂದ ಜೋಡಿ ಅವಳ ಮನೆಯಲ್ಲೇ ಇದೆ. ಅವಳು ಅದನ್ನು ಹಚ್ಚಿದಳೋ ಇಲ್ಲವೋ ತಿಳಿಯದು, ಕೇಳಲು ಇವರಿಗೆ ಬಾಯಿಲ್ಲ. ಈಗ ಸ್ಪೀಕರ್ ಆರಿಸಲು ಬಂದವರಿಗೆಲ್ಲ ನಿಮ್ಮ ಹಾಡು ನೀವೇ ತನ್ನಿ ಎನ್ನುತ್ತಾರೆ. ಯಾವ ಹಾಡಾದರೂ ಪೂರ್ತಿ ಕೇಳಿದ ಮೇಲೆಯೇ ಮಾತು.

ಏನಾದರೂ ಆಸೆ ಉಂಟೇ ಎಂದರೆ ಬೆರಳಿನ ಅಂಟು ಕೆರೆಯುತ್ತಾ ಅಂಗಡಿಯ ಮುಂದಕ್ಕೆ ಕೈ ತೋರಿಸುತ್ತಾರೆ.

"ಇಲ್ಲೇ, ಆ ಚಾ ಕುಡಿಯೋರ ಮುಂದ, ಅಕಿ ಇನ್ನೊಮ್ಮೆ ಬಂದು ಸೌಂಡ್ ಸರಿ ಇಲ್ಲ ಅನ್ನಬೇಕ್ರಿ. ಈ ಸಲ ಕೇಳಿಸ್ಕೋತೀನಿ."