ಅವರು ಬಿಟ್ಟ ಬ್ರೆಡ್ಡು

ನಮ್ಮವರು ಮನೆಗೆ ಬ್ರೆಡ್ಡು ತರಗೊಡುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಕಲಿತು ಬಂದ ಮನುಷ್ಯ, ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುವುದಿಲ್ಲವೇ ಎಂದು ಬೀದರಿನ ನಮ್ಮ ಮೈಲೂರು ಓಣಿಯ ಮಂದಿ ಕೇಳುತ್ತಿದ್ದರು. ಅವರು ನಕ್ಕು ಬೇರೆ ಮಾತು ತೆಗೆಯುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ಈಗ ಅವರಿಲ್ಲ. ಡೇವಿಡ ಎಂಥ ಮನುಷ್ಯ ಎಂದು ಯಾರಾದರೂ ಕೇಳಿದರೆ ನಾನು ಈ ಬ್ರೆಡ್ಡಿನ ಮಾತೇ ಹೇಳುತ್ತೇನೆ.

ಅವರು ಔರಾದ ತಾಲೂಕಿನ ಎಕಂಬಾದವರು. ತಂದೆ ಬೇಗ ತೀರಿದ್ದರು. ತಾಯಿ ಸಖುಬಾಯಿ ಹೊಲ ಮಾಡಿ ಸಾಕಿದರು. ಬೀದರಿನ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಿಶನ್ನಿನವರು ಇವರನ್ನು ಎಕ್ಸ್‌ರೇ ಕೆಲಸ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಆಗ ನಮ್ಮ ಲಗ್ನವಾಗಿ ಒಂದು ವರ್ಷ. ನಾನು ಅತ್ತೆಯ ಹತ್ತಿರ ಎಕಂಬಾದಲ್ಲಿ ಉಳಿದೆ. ಬೀದರ ಇನ್ನೂ ಹೈದರಾಬಾದ ರಾಜ್ಯದಲ್ಲಿತ್ತು.

ಮೊದಲ ಪತ್ರ ಬಂತು. ಶಾಲೆಯ ಮಾಸ್ತರ ಗೋರಖನಾಥ ಓದಿ ಹೇಳಿದರು. ಇಲ್ಲಿ ರೊಟ್ಟಿ ಇಲ್ಲ, ಖಾರ ಇಲ್ಲ. ಮೂರು ಹೊತ್ತೂ ಕುದಿಸಿದ ಆಲೂಗಡ್ಡೆ, ಬ್ರೆಡ್ಡು. ಬಾಯಿಗಿಟ್ಟರೆ ಅರಿವೆ ಅಗಿದ ಹಾಗಾಗುತ್ತದೆ. ಅರ್ಧ ಹೊಟ್ಟೆಯಲ್ಲಿ ಏಳುತ್ತೇನೆ.

ಅತ್ತೆಯ ಕೈಯಲ್ಲಿ ಆಗ ರೊಟ್ಟಿ ಇತ್ತು. ಅದನ್ನು ಬುಟ್ಟಿಗೆ ಇಟ್ಟುಬಿಟ್ಟರು.

"ನನ್ನ ಮಗ ಬಂದು ಈ ಮನ್ಯಾಗ ರೊಟ್ಟಿ ಮುರದಾಗ ನಾನೂ ಮುರೀತೇನಿ. ಅಲ್ಲೀತನಾ ಬ್ಯಾಡ."

ಸುದ್ದಿ ಕೇಳಿ ಪಾದ್ರಿಗಳು ಮನೆಗೆ ಬಂದರು. "ಸಖುಬಾಯಿ, ನಮ್ಮಾಗ ಹರಕಿ ಹೊರೂದಿಲ್ಲ. ಗೊತ್ತದ ಇಲ್ಲ?"

"ಹರಕಿ ಅಲ್ಲರಿ ಪಾದ್ರಿ ಸಾಬ್ರ. ಸಿಟ್ಟು."

"ಯಾರ ಮ್ಯಾಲ?"

"ಆ ಆಲೂಗಡ್ಡಿ ಮ್ಯಾಲ."

ಪಾದ್ರಿಗಳು ನಕ್ಕರು. ಅತ್ತೆ ನಗಲಿಲ್ಲ. ಅಂದಿನಿಂದ ಅವರಿಗೆ ನುಚ್ಚು, ಅಂಬಲಿ. ನಾನು ರೊಟ್ಟಿ ಬಡಿದು ತಿನ್ನಲು ಕೂತರೆ ಅವರು ಎದುರಿಗೆ ಕೂತು ಅಂಬಲಿ ಕುಡಿಯುತ್ತಿದ್ದರು. ಒಂದು ದಿನ ತಾಟು ಸರಿಸಿದೆ. ನಾನೂ ಬಿಡುತ್ತೇನೆ ಎಂದೆ.

"ನೀ ಯಾಕ ಬಿಡ್ತಿ? ಅವಗೇನು ನೀ ಹಡದೀ?" ಎಂದರು. ನಾನು ತಿಂದೆ.

ಅತ್ತೆ ರೊಟ್ಟಿ ಬಿಟ್ಟ ಸುದ್ದಿಯನ್ನು ಮಾಸ್ತರರಿಂದ ಬರೆಸಿ ಕಳಿಸಿದೆ. ಆ ಕಡೆ ಏನಾಯಿತು ಎಂಬುದನ್ನು ಅವರು ಬಂದ ಮೇಲೆ ನನಗೆ ಹೇಳಿದರು. ನಮ್ಮ ಪತ್ರ ಹಡಗಿನಲ್ಲಿ ಹೋಗಿ ಮುಟ್ಟುವುದರೊಳಗೆ ಅವರಿಗೆ ಅಲ್ಲಿನ ಊಟದ ರುಚಿ ಹತ್ತಿತ್ತು. ಅವರಿದ್ದ ಮನೆಯ ಯಜಮಾನಿ ಬ್ರೆಡ್ಡು ಸುಟ್ಟು ದಪ್ಪಗೆ ಬೆಣ್ಣೆ ಸವರಿ ಕೊಡುತ್ತಿದ್ದಳಂತೆ. ಆಲೂಗಡ್ಡೆಯನ್ನೂ ಬೆಣ್ಣೆ ಹಾಕಿ ಹಿಸುಕುತ್ತಿದ್ದಳಂತೆ. ಇವರು ಇನ್ನಷ್ಟು ಬೇಡಿ ಹಾಕಿಸಿಕೊಳ್ಳುತ್ತಿದ್ದರು. ಬ್ರೆಡ್ಡು ಕೈಯಲ್ಲಿದ್ದಾಗಲೇ ನಮ್ಮ ಪತ್ರ ಒಡೆದರು.

"ಕೈಯಾಗಿಂದು ಕೆಳಗ ಇಡಬೇಕಿತ್ತು ಕರುಣಾ. ಪತ್ರಾನೂ ಪೂರಾ ಓದಿದೆ, ಬ್ರೆಡ್ಡೂ ಪೂರಾ ತಿಂದೆ."

ತಾಯಿಗೆ ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲವಂತೆ. ನೀನು ಅಂಬಲಿ ಕುಡಿಯುತ್ತಿ, ನನಗೆ ಬೆಣ್ಣೆ ರುಚಿಸುತ್ತದೆ ಎಂದು ಯಾವ ಮಗ ಬರೆಯುತ್ತಾನೆ? ಊರಿಗೆ ಹೋಗಿ, ಅವ್ವ ರೊಟ್ಟಿ ಮುರಿದ ಮೇಲೆ, ಎದುರಿಗೆ ಕೂತು ಹೇಳುತ್ತೇನೆ ಎಂದುಕೊಂಡರು. ಅಲ್ಲಿಂದ ಮುಂದೆ ಪತ್ರದಲ್ಲಿ ಊಟದ ಮಾತೇ ಬರಲಿಲ್ಲ.

ಎರಡು ವರ್ಷಕ್ಕೆ ಬಂದರು. ಅಷ್ಟರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತ್ತು. ನಾನು, ಅತ್ತೆ ಭಾಲ್ಕಿ ಸ್ಟೇಷನ್ನಿಗೆ ಹೋಗಿದ್ದೆವು. ಗಾಡಿ ಇಳಿದವರ ಕೋಟಿಗೆ ಗುಂಡಿ ಹತ್ತುವಂತಿರಲಿಲ್ಲ. ಕೆನ್ನೆ ತುಂಬಿದ್ದವು. ಅತ್ತೆ ಎರಡೂ ಕೈಯಿಂದ ಮುಖ ಹಿಡಿದು ಒತ್ತಿ ನೋಡಿದರು.

"ಯವ್ವಾ, ಬಾವು ಬಂದದ! ಕರುಣಾ, ನೋಡ ಇಲ್ಲಿ. ಉಪಾಸ ಇದ್ದು ಇದ್ದು ಮಾರಿ ಬಾತದ."

"ಬಾವಲ್ಲವ್ವಾ."

"ನೀ ಸುಮ್ಮ ಇರು. ನೀರು ಬದಲಾದ್ರ ಹಿಂಗೇ. ನೀ ಪರದೇಶಕ್ಕ ಹೋದಿ, ನಿನ್ನ ಹಿಂದ ನಮ್ಮೂರ ಮೈಸೂರಿಗಿ ಹೋಯ್ತು. ನಾವ್ಯಾರರೆ ಬಾತೇವೇನು ನೋಡು."

ನಾನು ನಗು ತಡೆಯಲು ಸೆರಗು ಬಾಯಿಗಿಟ್ಟೆ. ಅವರು ನಗಲಿಲ್ಲ.

ಮನೆಯಲ್ಲಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಡಿಸಿದೆ. ಅವರು ರೊಟ್ಟಿ ಮುರಿದರು. ಅತ್ತೆಯೂ ಮುರಿದು ಬಾಯಿಗಿಟ್ಟರು. ಅಗಿದರು. ಮತ್ತೂ ಅಗಿದರು. ಇಳಿಯಲಿಲ್ಲ. ಆ ಎರಡು ವರ್ಷದಲ್ಲಿ ಅವರ ಹಲ್ಲು ಉದುರಿದ್ದವು. ಅಂಬಲಿಗೆ ಹಲ್ಲು ಬೇಡ. ಹಾಗಾಗಿ ನಾವು ಅದರ ವಿಚಾರ ಮಾಡಿರಲಿಲ್ಲ. ತುತ್ತನ್ನು ಕೈಗೆ ತೆಗೆದುಕೊಂಡು ನೋಡಿದರು.

"ನೋಡಪ್ಪಾ, ನಿನಗ ಅಲ್ಲಿ ಬ್ರೆಡ್ಡ ಹ್ಯಾಂಗೋ, ನನಗ ಇಲ್ಲಿ ರೊಟ್ಟಿ ಹಂಗಾಗ್ಯದ" ಎಂದು ಜೋರಾಗಿ ನಕ್ಕರು.

ನಮ್ಮವರ ಮಾತು ಬಾಯಲ್ಲೇ ಉಳಿಯಿತು. ನಾಳೆ ಹೇಳ್ತೇನಿ ಎಂದು ನನ್ನ ಮುಂದೆ ಅನ್ನುತ್ತಿದ್ದರು. ಆ ನಾಳೆ ಬರಲಿಲ್ಲ. ಅಂದಿನಿಂದ ಅವರೂ ಬ್ರೆಡ್ಡು ಬಿಟ್ಟರು, ಮತ್ತೆ ಮುಟ್ಟಲಿಲ್ಲ.

ಮೈಲೂರಿನಲ್ಲಿ ಮನೆ ಮಾಡಿದೆವು. ದಿನಾ ದವಾಖಾನೆಗೆ ಹೊರಡುವ ಮೊದಲು ತಾವೇ ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಹಾಕಿ ತಾಯಿಯ ಮುಂದೆ ಇಡುತ್ತಿದ್ದರು. ಅದನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ. ನೆರೆಮನೆಯ ಅಕ್ತರಬೀ ಬಂದರೆ ಅತ್ತೆಗೆ ಅದೇ ಮಾತು. "ನನ್ನ ಮಗ ಅಲ್ಲಿ ಎರಡು ವರ್ಷ ಉಪಾಸ ತೆಗದಾನವ್ವಾ." ಅದು ಕಿವಿಗೆ ಬಿದ್ದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಅತ್ತೆ ಹಾಗೇ ತಿಳಿದು ತೀರಿಕೊಂಡರು.

ಮಣ್ಣು ಮಾಡಿ ಬಂದು ಕೂತು ನಮ್ಮವರು ಅಂದರು, "ಹೇಳಿದ್ರ ಬೈತಿದ್ಳು. ಬೈಸ್ಕೋಬೇಕಾಗಿತ್ತು."

ಈ ವರ್ಷ ಅವರೇ ಜಡ್ಡಿಗೆ ಬಿದ್ದರು. ಹಾಲು ಬ್ರೆಡ್ಡು ಕೊಡಿ, ಬೇರೇನೂ ಇಳಿಯುವುದಿಲ್ಲ ಎಂದು ದವಾಖಾನೆಯ ಡಾಕ್ಟರು ನನಗೆ ಹೇಳಿದರು. ನಾನು ರೊಟ್ಟಿಯನ್ನೇ ನೆನೆಹಾಕಿ ಕೊಟ್ಟೆ. ಕೆಮ್ಮಿನ ಜೊತೆ ಹೊರಗೆ ಬಂತು. ಬ್ರೆಡ್ಡು ತಂದರೆ ಮುಖ ತಿರುಗಿಸಿದರು.

"ತಿನ್ರಿ. ಅವ್ವ ಏನೂ ಅನ್ನಂಗಿಲ್ಲ."

"ನಿನಗ ಹ್ಯಾಂಗ ಗೊತ್ತು?"

ಬ್ರೆಡ್ಡನ್ನು ಮುಚ್ಚಿಟ್ಟೆ. ಮರುದಿನ ಅವರ ಮಾತು ನಿಂತಿತು. ನಾನು ಬ್ರೆಡ್ಡಿನ ಅಂಚು ತೆಗೆದು, ಹಾಲಿನಲ್ಲಿ ಅದ್ದಿ, ತುಟಿಗೆ ಹಿಡಿದೆ. ಬಾಯಿ ತೆರೆದರು. ಒಪ್ಪಿ ತೆರೆದರೋ, ಬೇಡ ಅನ್ನಲು ತ್ರಾಣ ಇರಲಿಲ್ಲವೋ, ನನಗೆ ತಿಳಿಯದು. ಇಟ್ಟೆ. ನುಂಗಿದರು. ಇನ್ನೊಂದು ಚೂರಿಗೂ ಬಾಯಿ ತೆರೆದರು. ಅದನ್ನೂ ಇಟ್ಟೆ.