ಪೆಟ್ರೋಲ್ ಪೈಪಿನ ಆ ತುದಿಗೆ ಒಂದು ಅಂಗೈ

ಬೀದರ ಜಿಲ್ಲೆಯಲ್ಲಿ ಬಾನೆಟ್ ಎತ್ತಿ ಎಂಜಿನ್ನಿನ ಮಾತಿಗೆ ಕಿವಿಗೊಡಬಲ್ಲವರು ಎಷ್ಟು ಜನರಿದ್ದಾರೋ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ದಿನ ಶ್ರೀ ಮಚ್ಛೇಂದ್ರ ಗುರುಗಳ ಎದುರು ಮಸಿಗೈಗಳನ್ನು ಹಿಂದೆ ಕಟ್ಟಿಕೊಂಡು ನಿಂತವರೇ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ಹುಟ್ಟಿ, ಬೀದರಿನ ನಮ್ಮ ತರಬೇತಿ ಕೇಂದ್ರದ ಮೋಟಾರು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಬೋಧಕರಾಗಿ ದುಡಿದು, 2016ರ ಮೇ ತಿಂಗಳ ಕೊನೆಯ ದಿನ ಅವರು ನಿವೃತ್ತರಾದರು. ಅವರ ಪ್ರಶಸ್ತಿಗಳ ಪಟ್ಟಿ ಇಲ್ಲಿ ಸಿಗದು. ಅಂಥ ಪಟ್ಟಿ ಇಲ್ಲ. ಒಂದು ತಾಮ್ರದ ಕೊಳವೆಯ ಕಥೆ ಹೇಳಿದರೆ ಅವರ ಪೂರ್ತಿ ಸೇವೆಯನ್ನೇ ಹೇಳಿದಂತಾಗುತ್ತದೆ.

ಅವರು ಸೇರಿದ್ದು 1982ರಲ್ಲಿ. ಮೂರು ವರ್ಷದ ನಂತರ ಔರಾದ ಕಡೆಯ ಸಂತಪುರದಿಂದ ಯುನುಸ ಎಂಬವರು ಅದೇ ಶೆಡ್ಡಿಗೆ ದಿನಗೂಲಿಯ ಸಹಾಯಕರಾಗಿ ಬಂದರು. ಇಬ್ಬರದೂ ಒಂದೇ ವಯಸ್ಸು. ಗಾಡಿಯ ಪೆಟ್ರೋಲ್ ಪೈಪು ಬದಲಿಸಿದಾಗಲೆಲ್ಲ ಅವರಿಬ್ಬರ ನಡುವೆ ಒಂದು ನೇಮ ನಡೆಯುತ್ತಿತ್ತು. ಹಿಂದೆ ಟ್ಯಾಂಕಿನ ಬಳಿ ಗುರುಗಳು ಪೈಪಿಗೆ ಬಾಯಿಟ್ಟು ಊದಬೇಕು. ಮುಂದೆ ಎಂಜಿನ್ನಿನ ಬಳಿ ಯುನುಸ ಅಂಗೈ ಒಡ್ಡಿ ಉಸಿರು ಪೂರಾ ಬಂತೋ ಇಲ್ಲವೋ ಹೇಳಬೇಕು. ಹವಾ ಮಶೀನು ಪಕ್ಕದಲ್ಲೇ ಇದ್ದರೂ ಕೊನೆಯ ಪರೀಕ್ಷೆ ಬಾಯಿಯದೇ.

“ಬಂತ್ರಿ ಉಸ್ತಾದ! ಮುಂಜಾನಿ ಉಳ್ಳಾಗಡ್ಡಿ ತಿಂದೀರೇನ್ರಿ? ವಾಸನಿ ಸೈತ ಬಂತು,” ಎಂದು ಯುನುಸ ಕೂಗಿದರೆ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಆ “ಬಂತ್ರಿ” ಕೇಳದೆ ಗುರುಗಳು ಒಂದು ಗಾಡಿಯನ್ನೂ ಚಾಲೂ ಮಾಡಿದವರಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಕಲಿಯುವವರು ಮನೆಯವರ ಜೊತೆ ಪುಣೆಗೋ ಹೈದರಾಬಾದಿಗೋ ಹೊರಟುಬಿಡುತ್ತಿದ್ದರು. ಅವರು ಅರ ಹಾಕಿ ಅರ್ಧ ಉಜ್ಜಿ ಬಿಟ್ಟುಹೋದ ಕಬ್ಬಿಣದ ತುಂಡುಗಳನ್ನು ಗುರುಗಳು ಎಸೆಯುತ್ತಿರಲಿಲ್ಲ. ಎಣ್ಣೆಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದ ಚೀಟಿ ಕಟ್ಟಿ, ಕಪಾಟಿನಲ್ಲಿಡುತ್ತಿದ್ದರು. ಮಳೆ ಬಿದ್ದ ಮೇಲೆ ಮರಳಿ ಬಂದವರಿಗೆ ಬೈಗುಳವಿಲ್ಲ, ಕಾರಣ ಕೇಳುವುದಿಲ್ಲ. ಅದೇ ತುಂಡು, ಅದೇ ಅರ, ಬಿಟ್ಟಲ್ಲಿಂದಲೇ ಪಾಠ. ಆದರೆ ಎಲ್ಲರೂ ಮರಳಲಿಲ್ಲ. ಕೆಲವು ಚೀಟಿಗಳ ಅಕ್ಷರ ಎಣ್ಣೆ ಕುಡಿದು ಮಾಸಿದರೂ ಗಂಟು ಬಿಚ್ಚುವ ಮನಸ್ಸು ಅವರಿಗಾಗಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಭಾಲ್ಕಿಯ ಡಾಕ್ಟರೊಬ್ಬರ ಮನೆಯವರು ಕೊಟ್ಟ ಹಳೆಯ ವಿಲಾಯತಿ ಕಾರೊಂದಿತ್ತು. ಇಪ್ಪತ್ತು ವರ್ಷದಿಂದ ಅಲುಗಿರಲಿಲ್ಲ. ಅಜ್ಜಿ ಹೇಳುವ ಕಥೆಯಲ್ಲಿ ರಾಕ್ಷಸನ ಜೀವ ಏಳು ಕಡಲಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಈ ಗಾಡಿಯ ಜೀವ ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹರಿಯುವ ಬೆರಳು ದಪ್ಪದ ಪೈಪಿನಲ್ಲಿತ್ತು. ಆ ಪೈಪೇ ತುಕ್ಕು ತಿಂದು ಜರಡಿಯಾಗಿತ್ತು. ನಿವೃತ್ತಿಗೆ ಮುನ್ನ ಇಬ್ಬರೂ ಸೇರಿ ಅದನ್ನು ಎಬ್ಬಿಸುವುದು, ಮೊದಲ ಸವಾರಿ ಯುನುಸರ ಸಂತಪುರಕ್ಕೆ ಹೋಗುವುದು ಎಂಬುದು ಅವರ ಹಳೆಯ ಮಾತು.

2015ರಲ್ಲಿ ಮಳೆ ಮತ್ತೆ ಮುಖ ತಿರುಗಿಸಿತು. ದೀಪಾವಳಿಯ ಹೊತ್ತಿಗೆ ತರಗತಿಯಲ್ಲಿ ನಾಲ್ವರು ಉಳಿದರು, ಸಂಕ್ರಾಂತಿಗೆ ಯಾರೂ ಇಲ್ಲ. ಕಲಿಯುವವರೇ ಇಲ್ಲದ ಮೇಲೆ ದಿನಗೂಲಿಯವರು ಬೇಡವೆಂದು ಆದೇಶ ಬಂತು. ಯುನುಸ ಮನೆಗೆ ಬೀಗ ಹಾಕಿ, ಮಗನ ಸಂಸಾರದೊಂದಿಗೆ ಪುಣೆಗೆ ಹೋಗಿ, ಕಟ್ಟುತ್ತಿರುವ ಕಟ್ಟಡವೊಂದರ ಕಾವಲಿಗೆ ಕುಳಿತರು. ಇತ್ತ ಪ್ರಾಚಾರ್ಯರು ಗುರುಗಳಿಗೆ ಹೇಳಿದರು: ಬೀಳ್ಕೊಡುಗೆಯ ದಿನ ಕಾರು ತನ್ನ ಎಂಜಿನ್ನಿನಿಂದಲೇ ಶೆಡ್ಡು ದಾಟಿದರೆ ಕಲಿಯುವವರಿಗಾಗಿ ಉಳಿಯುತ್ತದೆ, ಇಲ್ಲವಾದರೆ ಗುಜರಿಗೆ.

ಗುರುಗಳು ಒಬ್ಬರೇ ಕೆಲಸ ಹಿಡಿದರು. ಟ್ಯಾಂಕು ಇಳಿಸಿ ತುಕ್ಕು ಕೆರೆದರು. ಪೈಪಿನ ತುದಿಗಳಲ್ಲಿ ಗಟ್ಟಿಯಾಗಿ ಬಿರಿದಿದ್ದ ರಬ್ಬರು ತುಂಡುಗಳನ್ನು ಕಿತ್ತು, ಈಗಿನ ಪೆಟ್ರೋಲಿಗೆ ಕರಗದಂಥ ಹೊಸ ರಬ್ಬರು ತಂದರು. ಹಳೆಯ ಪೈಪನ್ನು ಮುರಿಯದಂತೆ ಬಿಡಿಸಿ ನೆಲದ ಮೇಲೆ ಮಲಗಿಸಿ, ಅದರ ಒಂದೊಂದು ತಿರುವನ್ನೂ ನೋಡಿಕೊಂಡು ಹೊಸ ತಾಮ್ರದ ಕೊಳವೆ ಬಗ್ಗಿಸಿದರು. ಬಗ್ಗಿಸುವಾಗ ಕೊಳವೆ ಚಪ್ಪಟೆಯಾಗದಿರಲೆಂದು ಒಳಗೆ ನುಣುಪು ಮರಳು ತುಂಬುವುದು ಅವರ ಪದ್ಧತಿ. ಬಗ್ಗಿಸಿದ ಮೇಲೆ ಎರಡು ಕೊಡ ನೀರು ಹರಿಸಿ ಮರಳು ತೊಳೆಯುವುದೂ ಅವರೇ ಕಲಿಸಿದ ಪದ್ಧತಿ. ಆದರೆ ಆ ಮೇ ತಿಂಗಳಲ್ಲಿ ಕೇಂದ್ರದ ಬೋರು ಬತ್ತಿತ್ತು, ಟ್ಯಾಂಕರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಕುಡಿಯುವ ನೀರನ್ನು ಪೈಪಿಗೆ ಸುರಿಯಲು ಅವರ ಕೈ ಏಳಲಿಲ್ಲ. ಕೊಳವೆಯನ್ನು ತಟ್ಟಿದರು, ಕೊಡವಿದರು, ಹವಾ ಹೊಡೆದರು. ಗಾಡಿಯಡಿ ಕೂಡಿಸಿ ಕ್ಲಿಪ್ಪು ಬಿಗಿದರು.

ಟ್ಯಾಂಕಿನ ಬಳಿ ಮಲಗಿ, ಊದುವ ಮುನ್ನ ಅಭ್ಯಾಸಬಲದಿಂದ “ಭಾಯಿ, ಕೈ ಇಟ್ಟೀಯೇನು?” ಎಂದರು. ಶೆಡ್ಡು ಸುಮ್ಮನಿತ್ತು. ಎದ್ದು ಹೋಗಿ ಆ ತುದಿಗೆ ಒಂದು ಕಾಗದದ ಚೂರು ಅಂಟಿಸಿ ಬಂದು ಊದಿದರು. ಗಾಡಿಯಡಿಯಿಂದ ಬಗ್ಗಿ ನೋಡಿದರೆ ಕಾಗದ ಹಾರಿ ಬಿದ್ದಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಪುಣೆಗೆ ಫೋನು ಮಾಡಿದರು.

“ಮಾತಾಡಬ್ಯಾಡ ಭಾಯಿ, ಬರೇ ಕೇಳು. ಊದ್ತೇನಿ.”

ಫೋನನ್ನು ಪೈಪಿನ ಮುಂದಿನ ತುದಿಗೆ ಬಟ್ಟೆಯಿಂದ ಕಟ್ಟಿ, ಹಿಂದೆ ಹೋಗಿ ಊದಿ, ಏದುಸಿರು ಬಿಡುತ್ತ ಮರಳಿ ಬಂದರು.

“ಬಂತೇನು?”

“ಬಂತ್ರಿ. ಖರೇ ಪೂರಾ ಬರಲಿಲ್ಲ. ನಡುವ ಏನೋ ಕುಂತದ, ಸೀಟಿ ಹೊಡದಂಗ ಕೇಳ್ತು.”

“ಕಾಗದ ಹಾರ್ಯದಲ್ಲ?”

“ಕಾಗದಕ್ಕೇನ್ ಅಕಲ್ ಅದರಿ ಉಸ್ತಾದ? ನೀರ್ ಹಾಕಿ ತೊಳದೀರೇನ್?”

“ಬೋರ್ ಬತ್ತ್ಯದ ಭಾಯಿ.”

“ತೊಳದಿಲ್ಲ! ಹುಡುಗ್ರು ಹಿಂಗ ಮಾಡಿದ್ರ ಬಾಗಲ ಹೊರಗ ನಿಂದ್ರಸ್ತಿದ್ರಿ. ಈಗ ನಿಮಗ್ಯಾರ್ ನಿಂದ್ರಸಬೇಕ್ರಿ?”

“ನೀ ಬಂದು ನಿಂದ್ರಸು.”

ಆ ಕಡೆ ಇಟ್ಟಿಗೆ ಇಳಿಸುವ ಸದ್ದು ಕೇಳಿಸಿತು. ಯುನುಸ ಅಂದರು: “ಮಳಿ ಆಗ್ಲಿರಿ.”

ಬೀಳ್ಕೊಡುಗೆಯ ಮುಂಜಾನೆ ಗುರುಗಳು ತಮ್ಮ ಸ್ನಾನಕ್ಕೆಂದು ಹಿಡಿದಿಟ್ಟ ಕೊಡವನ್ನು ಶೆಡ್ಡಿಗೆ ಹೊತ್ತು ತಂದರು. ಪೈಪು ಬಿಚ್ಚಿ ನೀರು ಹರಿಸಿ, ಕೆಳಗೆ ಬೋಗುಣಿಯಲ್ಲಿ ಹಿಡಿದು, ಬಟ್ಟೆಯಲ್ಲಿ ಸೋಸಿ, ಅದೇ ನೀರನ್ನು ಮತ್ತೆ ಹರಿಸಿದರು. ಮೂರನೆಯ ಸಲಕ್ಕೆ ಒಂದು ತಿರುವಿನಲ್ಲಿ ಕಚ್ಚಿಕೊಂಡಿದ್ದ ಚಿಟಿಕೆ ಮರಳು ಹೊರಬಂತು. ಹವಾ ಹೊಡೆದು ಒಣಗಿಸಿ, ಮರಳಿ ಕೂಡಿಸಿ, ಮತ್ತೆ ಫೋನು ಕಟ್ಟಿ ಊದಿದರು.

“ಈಗ ಬಂತ್ರಿ ಉಸ್ತಾದ, ಪೂರಾ ಬಂತು! ಉಳ್ಳಾಗಡ್ಡಿ ವಾಸನಿ ಒಂದೇ ಬರವಲ್ದು.”

ಅಂದಿನ ಸಮಾರಂಭದಲ್ಲಿ ಶಾಲು ಹೊದಿಸುವಾಗ ಗುರುಗಳು ಸ್ನಾನವಿಲ್ಲದೆ, ಮೊಣಕೈವರೆಗೆ ಮಸಿಯಾಗಿ ನಿಂತಿದ್ದನ್ನು ಕಂಡು ಹಲವರು ಮುಸಿನಕ್ಕಿದ್ದುಂಟು. ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ಕಾರು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಎದ್ದು, ಚಪ್ಪಾಳೆಯ ನಡುವೆ ಶೆಡ್ಡು ದಾಟಿತು. ಪ್ರಾಚಾರ್ಯರ ಒಪ್ಪಿಗೆ ಪಡೆದು ಅವರು ಅದನ್ನು ಹಾಗೇ ಔರಾದ ರಸ್ತೆಗೆ ಬಿಟ್ಟರು. ಪಕ್ಕದ ಸೀಟಿನ ಮೇಲೆ ಸಮಾರಂಭದ ಹಾರವೊಂದೇ ಇತ್ತು. ದಾರಿಯುದ್ದಕ್ಕೂ ಬರಿ ಹೊಲ, ಮೇವಿಲ್ಲದೆ ನಿಂತ ಕುರಿಗಳು; ಕೈಯೆತ್ತಿ ನಿಲ್ಲಿಸುವವರೂ ಇಲ್ಲ.

ಸಂತಪುರದಲ್ಲಿ ಯುನುಸರ ಬೀಗ ಹಾಕಿದ ಮನೆಯ ಮುಂದೆ ಗಾಡಿ ನಿಲ್ಲಿಸಿ, ಒಮ್ಮೆ ಹಾರ್ನು ಬಾರಿಸಿದರು. ಪಕ್ಕದ ಮನೆಯ ಶೇವಂತಾಬಾಯಿ ಹೊರಬಂದು, “ಮನ್ಯಾಗ ಯಾರೂ ಇಲ್ಲರೀ ಅಣ್ಣಾ, ಪುಣೆಕ್ಕ ಹೋಗ್ಯಾರ. ಯಾರ ಗಾಡಿರೀ ಇದು, ಭಾಳ ಛಂದ ಅದ?” ಎಂದು ಕೇಳಿದರು.

“ಇವರ ಮನೀದೇ ಅವ್ವಾ,” ಎಂದರು ಗುರುಗಳು, ಬೀಗದ ಕಡೆ ಕೈ ಮಾಡಿ.

ಹಾರವನ್ನು ಆ ಬಾಗಿಲ ಚಿಲಕಕ್ಕೆ ಹಾಕಿ ಬೀದರಿಗೆ ಮರಳಿದರು.

ಗುರುಗಳ ಗೌರವಕ್ಕೆಂದು ಕೇಂದ್ರ ತರುತ್ತಿರುವ ಈ ಸಂಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಮೊದಲ ಮಳೆ ಬಿದ್ದಿದೆ, ಯುನುಸ ಭಾಯಿ ಇನ್ನೂ ಬಂದಿಲ್ಲ. ನಿವೃತ್ತರಾದರೂ ಗುರುಗಳು ದಿನಾ ಶೆಡ್ಡಿಗೆ ಬಂದು, ಕಾರನ್ನು ಚಾಲೂ ಮಾಡಿ, ಕಪಾಟಿನ ತುಂಡುಗಳ ಎಣ್ಣೆಬಟ್ಟೆ ಬದಲಿಸಿ ಹೋಗುತ್ತಾರೆ. ಅವರ ಉಸಿರು ನೂರು ವರ್ಷ ಹೀಗೇ ತುಂಬಿರಲಿ, ಆ ಕೈಗಳಿಗೆ ಎಂದೂ ಕೆಲಸ ತಪ್ಪದಿರಲಿ. ಮುಂದಿನ ಪೈಪನ್ನು ಅವರು ಊದುವ ದಿನ, ಫೋನನ್ನು ಕಟ್ಟುವ ಪ್ರಸಂಗ ಬಾರದೆ, ಆ ತುದಿಗೆ ಒಂದು ಅಂಗೈ ಇರಲಿ.